ಅನುಷ್ಠಾನದ ಹಂತದಲ್ಲಿದ್ದ ನೀರು

ವಾಡಿ ಜಂಕ್ಷನ್ನಿನಲ್ಲಿ ರೈಲು ಕಾರಣ ಹೇಳದೆ ನಿಂತಿತ್ತು. ಎದುರು ಸೀಟಿನ ಹುಡುಗಿ ಬೇಸರ ಕಳೆಯಲು ಪುಟ್ಟ ಬಾಟಲಿಯೊಂದನ್ನು ತೆರೆದು ಉಗುರಿಗೆ ಬಣ್ಣ ಹಚ್ಚತೊಡಗಿದಳು. ಆ ವಾಸನೆ ಬಂದ ಕೂಡಲೇ ನಾನು ತುಟಿ ಮುಂದೆ ಮಾಡಿ ಊದಿಬಿಟ್ಟೆ. ಹುಡುಗಿ ತಲೆಯೆತ್ತಿ ನೋಡಿದಳು. ಅವಳ ಉಗುರು ಒಣಗಲೆಂದು ನಾನೇಕೆ ಊದಬೇಕು ಎಂದು ಅವಳಿಗೆ ತಿಳಿಯಲಿಲ್ಲ. ನನಗೂ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಅದು ಸ್ಟೆನ್ಸಿಲ್‌ಗೆ ಹಚ್ಚುತ್ತಿದ್ದ ಕೆಂಪು ದ್ರವದ ವಾಸನೆ. ಝೆರಾಕ್ಸ್ ಯಂತ್ರ ಇನ್ನೂ ಬಾರದಿದ್ದ ಕಚೇರಿಗಳಲ್ಲಿ ಮೇಣದ ಹಾಳೆಯ ಮೇಲೆ ಟೈಪು ಮಾಡಿ, ಅದನ್ನು ಶಾಯಿಯ ಉರುಳೆಗೆ ಸುತ್ತಿ, ಹಿಡಿಕೆ ತಿರುಗಿಸಿ ಪ್ರತಿ ತೆಗೆಯುತ್ತಿದ್ದೆವು. ತಪ್ಪು ಅಕ್ಷರ ಬಿದ್ದರೆ ಅದರ ಮೇಲೆ ಆ ದ್ರವ ಹಚ್ಚಿ, ಬಾಯಿಂದ ಊದಿ ಒಣಗಿಸಿ, ಅದೇ ಜಾಗದಲ್ಲಿ ಸರಿಯಾದುದನ್ನು ಹೊಡೆಯಬೇಕು. ಹಾಗೆ ನಾನು ಅಳಿಸಿದ್ದು ತಪ್ಪು ಅಕ್ಷರಗಳನ್ನಷ್ಟೇ ಅಲ್ಲ. ಜನ ಆಡಿದ ಮಾತುಗಳನ್ನೂ ಅಳಿಸುತ್ತಿದ್ದೆ. ಅದಕ್ಕೆ ಸರ್ಕಾರ ನನಗೆ ಸಂಬಳ ಕೊಡುತ್ತಿತ್ತು.

ತೊಂಬತ್ತರ ದಶಕದ ನಡುವಿನ ಒಂದು ವರ್ಷ. ನಾನು ತಾಲೂಕು ಪಂಚಾಯಿತಿಯೊಂದರಲ್ಲಿ ಗುಮಾಸ್ತಳಾಗಿದ್ದೆ. ಯಾವ ತಾಲೂಕು ಎಂದು ಹೇಳುವುದಿಲ್ಲ. ಸೇಡಂನಿಂದ ದಿನವೂ ಪ್ಯಾಸೆಂಜರ್ ಹಿಡಿದು, ಇಳಿದು, ಮುಂದೆ ಬಸ್ಸಿನಲ್ಲಿ ಹೋಗುತ್ತಿದ್ದೆ ಎಂದರೆ ಸಾಕು. ಹೊಸದಾಗಿ ಆರಿಸಿ ಬಂದ ಸದಸ್ಯರು, ಅವರಲ್ಲಿ ಹೆಂಗಸರೂ ಇದ್ದರು. ತಿಂಗಳಿಗೋ ಎರಡು ತಿಂಗಳಿಗೋ ಸಭೆ. ಸದಸ್ಯರ ಪ್ರಶ್ನೆಗಳನ್ನು ಸೇರಿಸಿ ಸೂಚನಾಪತ್ರ ತಯಾರಿಸುವುದು, ಸಭೆಯ ನಡಾವಳಿ ಬರೆಯುವುದು, ಅಧ್ಯಕ್ಷರು ಓದಬೇಕಾದ ಉತ್ತರಗಳನ್ನು ಬರೆದುಕೊಡುವುದು ನನ್ನ ಕೆಲಸ. ಅಧ್ಯಕ್ಷ ಬಸವಂತರಾಯಗೌಡರು ನನ್ನ ಕನ್ನಡವನ್ನು ಮೆಚ್ಚಿಕೊಂಡಿದ್ದರು. "ಬಾಯಾರ, ನೀವ್ ಬರದದ್ದು ಓದಿದ್ರ ನಾನೂ ಬೆಂಗಳೂರಾಗ ಕುಂತಂಗ ಅನಸ್ತದ ನೋಡ್ರಿ," ಎನ್ನುತ್ತಿದ್ದರು.

ಮೆಚ್ಚಿಕೊಳ್ಳುವಂಥ ಕನ್ನಡ ನನಗೆ ಮನೆಯಿಂದ ಬಂದದ್ದು. ಅಪ್ಪ ಬೆಳಿಗ್ಗೆ ಗುಡಿಯ ಪೂಜೆ, ಆಮೇಲೆ ಶಾಲೆಯಲ್ಲಿ ಪಾಠ. ಊಟಕ್ಕೆ ಕೂತಾಗ ನಾವು "ಸಾರು ಭಾಳ ಖಾರ ಆಗ್ಯದ" ಎಂದರೆ, "ಬಹಳ ಖಾರವಾಗಿದೆ ಎನ್ನು" ಎಂದು ತಿದ್ದಿ ಹೇಳಿಸಿದ ಮೇಲೆಯೇ ಮಜ್ಜಿಗೆ ಸಿಗುತ್ತಿತ್ತು. ಬಾಯಿ ಉರಿಯುತ್ತಿದ್ದರೂ ವ್ಯಾಕರಣ ಮೊದಲು.

ಭಾಗಮ್ಮ ಮೊದಲು ಮಾತಾಡಿದ ಸಭೆ ನೆನಪಿಗೆ ಬರುವಾಗಲೆಲ್ಲ ತಗಡಿನ ಮೇಲೆ ಮಳೆ ಬೀಳುವ ಸದ್ದು ಜೊತೆಗೆ ಬರುತ್ತದೆ. ಆದರೆ ನಮ್ಮ ಸಭಾಂಗಣಕ್ಕೆ ತಗಡು ಇರಲಿಲ್ಲ. ಶಹಾಬಾದಿನ ಕಲ್ಲು ಹೊದಿಸಿದ ಮಾಳಿಗೆ ಅದು. ತಗಡು ಇದ್ದದ್ದು ಹೊರಗಿನ ಸೈಕಲ್ ನಿಲ್ಲಿಸುವ ಜಾಗಕ್ಕೆ. ಅಷ್ಟು ದೂರದ ಸದ್ದು ಒಳಗಿನವರೆಗೆ ಕೇಳಿಸಬೇಕಾದರೆ ಸಭೆ ತುಂಬಾ ಸುಮ್ಮನಿದ್ದಿರಬೇಕು, ಅಥವಾ ನಾನು ಮಳೆಯನ್ನು ಆಮೇಲೆ ಸೇರಿಸಿಕೊಂಡಿರಬೇಕು. ಎರಡೂ ಆಗಬಹುದಾದದ್ದೇ.

ಭಾಗಮ್ಮ ಕಾಗಿಣಾ ದಂಡೆಯ ಹಳ್ಳಿಯವಳು. ತಲೆಮಾರುಗಳಿಂದ ನದಿಯನ್ನೇ ನಂಬಿದ ಮನೆತನ. ಅಜ್ಜ ದೋಣಿ ಹಾಕುತ್ತಿದ್ದ, ಗಂಡ ಶಹಾಬಾದಿನ ಕಲ್ಲಿನ ಖಣಿಗೆ ಕೂಲಿಗೆ ಹೋಗುತ್ತಿದ್ದ. ಹೆಣ್ಣುಮಕ್ಕಳಿಗೆಂದು ಮೀಸಲಾದ ಜಾಗಕ್ಕೆ ಊರವರು ಅವಳನ್ನು ನಿಲ್ಲಿಸಿದ್ದು ಅವಳದು ಮಾತು ಕಡಿಮೆ ಎಂಬ ಕಾರಣಕ್ಕೆ. ಆ ಲೆಕ್ಕ ತಪ್ಪಿತು. ಅವಳು ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ಕೇಳಿದಳು:

"ನಮ್ಮೂರಾಗ ನೀರಿನ ಟಾಕಿ ಕಟ್ಟಿ ಎರಡ ವರ್ಷ ಆತ್ರಿ. ಪೈಪು ಹಾಕ್ಯಾರ, ಮೋಟರು ಕುಂದರಿಸ್ಯಾರ. ನೀರಿಲ್ಲ. ಹೋದ ಬ್ಯಾಸಗ್ಯಾಗ ನಮ್ಮ ನೆಗೆಣ್ಣಿ, ಮೈದುನನ ಹೆಂಡ್ತಿ, ಹೊಳಿ ದಂಡಿ ಹತ್ತಾಗ ಕೊಡ ಸಮೇತ ಬಿದ್ದು ಕಾಲ ಮುರಕೊಂಡ್ಳು. ಮುಂದಿನ ಬ್ಯಾಸಗಿ ಬರೂದ್ರಾಗ ನೀರ ಬರ್ತಾವೇನು, ಇಲ್ಲೇನು?"

ಅಧ್ಯಕ್ಷರು ನಾನು ಬರೆದುಕೊಟ್ಟ ಹಾಳೆ ತೆಗೆದು ಓದಿದರು: "ಸದರಿ ಗ್ರಾಮದ ಕುಡಿಯುವ ನೀರು ಪೂರೈಕೆ ಯೋಜನೆಯು ಪ್ರಸ್ತುತ ಅನುಷ್ಠಾನದ ಹಂತದಲ್ಲಿರುತ್ತದೆ."

ಭಾಗಮ್ಮ ಎರಡೂ ಕೈ ಜೋಡಿಸಿದಳು. ಕಣ್ಣು ಮುಚ್ಚಿ, ತಲೆ ಬಾಗಿಸಿ, ಕುಳಿತಳು.

ಅಧ್ಯಕ್ಷರಿಗೆ ಸಂತೋಷವಾಯಿತು. ನನಗೂ ಆಯಿತು. ಇಷ್ಟು ಗೌರವದಿಂದ ಉತ್ತರ ಸ್ವೀಕರಿಸಿದ ಸದಸ್ಯರನ್ನು ನಾವು ಕಂಡಿರಲಿಲ್ಲ.

ಮುಂದಿನ ಸಭೆ ದಸರೆಯ ಆಚೆ. ಅದರ ಮುಂದಿನದು ತೊಗರಿ ಹೂಬಿಟ್ಟ ಹೊತ್ತಿಗೆ. ಆಗ ಅವಳು ಮತ್ತೆ ಎದ್ದಳು.

"ಗೌಡ್ರೆ, ಒಂದ್ ಮಾತು. ನಮ್ಮ ಕಡಿ ಮಠದ ಅಪ್ಪಾರು ಅನುಷ್ಠಾನಕ್ಕ ಕುಂತ್ರ ಇಪ್ಪತ್ತೊಂದು ದಿನರಿ. ಭಾಳ ಅಂದ್ರ ನಲವತ್ತೊಂದು. ಮಾತಾಡಂಗಿಲ್ಲ, ಹಾಲು ಹಣ್ಣು ಬಿಟ್ರ ಏನೂ ಮುಟ್ಟಂಗಿಲ್ಲ. ಆಮ್ಯಾಗ ಎದ್ದು ಬಂದು ದರ್ಶನ ಕೊಡ್ತಾರ. ನಮ್ಮೂರ ಯೋಜನಿ ಕುಂತು ನಾಕ ತಿಂಗಳಾತು. ಯಾರೂ ಅದರ ಸನ್ಯಾಕ ಹೋಗಿ ಗದ್ದಲ ಮಾಡಬ್ಯಾಡ್ರಿ ಅಂತ ಊರಾಗ ನಾನ ಹೇಳೀನಿ. ಟಾಕ್ಯಾಗ ಪಾರಿವಾಳ ಬಂದು ಮರಿ ಹಾಕ್ಯಾವ, ಅವನ್ನೂ ಎಬ್ಬಸಿಲ್ಲ. ಇನ್ನ ಎಂದ ಏಳ್ತದ್ರಿ ಇದು?"

ಸಭೆಯೆಲ್ಲ ನಕ್ಕಿತು. ಒಬ್ಬರು ಮೇಜು ಬಡಿದು ನಕ್ಕರು. "ಯಕ್ಕಾ, ಅನುಷ್ಠಾನ ಅಂದ್ರ ಅದಲ್ಲಬೇ," ಎಂದು ಅಧ್ಯಕ್ಷರು ಹೇಳಹೊರಟವರು, ಹಾಗಾದರೆ ಏನು ಎಂದು ಹೇಳಲಾಗದೆ ನನ್ನ ಕಡೆ ನೋಡಿದರು. ನಾನು ನೋಟ್‌ಬುಕ್ಕಿನ ಕಡೆ ನೋಡಿದೆ.

ಈ ಪ್ರಸಂಗವನ್ನು ನಾನು ಎಷ್ಟೋ ಮನೆಗಳಲ್ಲಿ, ಎಷ್ಟೋ ಮದುವೆಯ ಊಟದ ಸಾಲುಗಳಲ್ಲಿ ಹೇಳಿ ನಗಿಸಿದ್ದೇನೆ. ನಾನು ಹೇಳುವ ಕತೆಯಲ್ಲಿ ಭಾಗಮ್ಮ ಮುಗ್ಧೆ, ಶಬ್ದದ ಅರ್ಥ ತಿಳಿಯದವಳು. ಹಾಗಿದ್ದರೆ ಕತೆ ಸಲೀಸಾಗಿ ಸಾಗುತ್ತದೆ. ಆದರೆ ಅವಳು ಆ ಮಾತು ಹೇಳುವಾಗ ಒಮ್ಮೆಯೂ ಅಧ್ಯಕ್ಷರನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು ಎಂಬುದು ಈಚೆಗೆ ನೆನಪಾಗುತ್ತಿದೆ. ಮೊದಲ ಸಲ ಕೈಮುಗಿದಾಗ ಅವಳಿಗೆ ಖರೆಯೇ ತಪ್ಪು ತಿಳಿದಿತ್ತು ಎಂದುಕೊಂಡಿದ್ದೇನೆ. ಎರಡನೆಯ ಸಲ? ಬಹಳ ದಿನಗಳ ನಂತರ ಅವಳನ್ನೇ ಕೇಳಿದೆ. "ನಿಮಗ ಹ್ಯಾಂಗ ಅನಸ್ತದ ಹಾಂಗ ಇಟ್ಕೋರಿ ಬಾಯಾರ," ಎಂದಳು.

ಆ ದಿನ ಸಭೆ ಮುಗಿದ ಮೇಲೆ ಅವಳು ನನ್ನ ಮೇಜಿನ ಹತ್ತಿರ ಬಂದು ನಿಂತಳು. ಹೆಸರು ಬರೆಯುವಷ್ಟು ಓದು ಅವಳದು.

"ನಾ ಅಂದದ್ದು ಬರಕೊಂಡ್ರೇನು? ಓದಿ ಹೇಳ್ರಿ."

ನಾನು ಓದಿದೆ: "ಮಾನ್ಯ ಸದಸ್ಯೆಯವರು ತಮ್ಮ ಕ್ಷೇತ್ರದ ಕುಡಿಯುವ ನೀರಿನ ವಿಷಯವನ್ನು ಪ್ರಸ್ತಾಪಿಸಿದರು. ಸಭೆಯು ಸದರಿ ವಿಷಯವನ್ನು ಕೂಲಂಕಷವಾಗಿ ಚರ್ಚಿಸಿತು."

"ಇದ್ರಾಗ ನಾ ಎಲ್ಲಿದೀನಿ?"

"ಮಾನ್ಯ ಸದಸ್ಯೆ ಅಂದ್ರ ನೀವೇ, ಭಾಗಮ್ಮ."

"ಅದು ಖುರ್ಚಿ ಹೆಸರು. ನಾ ಅಂದದ್ದು ಎಲ್ಲದ? ನೆಗೆಣ್ಣಿ ಕಾಲು ಎಲ್ಲದ? ಪಾರಿವಾಳ ಎಲ್ಲವ?"

"ಹಾಂಗೆಲ್ಲ ನಡಾವಳ್ಯಾಗ ಬರೀಲಿಕ್ಕೆ ಬರಂಗಿಲ್ಲ."

"ಯಾಕ? ಪಾರಿವಾಳ ಬರೀಬಾರ್ದು ಅಂತ ಕಾನೂನು ಮಾಡ್ಯಾರೇನು?" ಎಂದು ಮುಂದಕ್ಕೆ ಬಾಗಿ ಪುಸ್ತಕವನ್ನು ನೋಡಿದಳು, ಅದರೊಳಗೆ ಎಲ್ಲಾದರೂ ಹಕ್ಕಿ ಅಡಗಿದೆಯೇನೋ ಎಂಬಂತೆ. "ಮತ್ತ ಅವರು ನಕ್ಕದ್ದು ಬರದೀರೇನು?"

"ಇಲ್ಲ."

"ಹಾಂಗಾರ ಇದು ಯಾವ ಸಭಾದ್ದು?"

ಆ ದಿನ ನಾನು ಏನೋ ನಿರ್ಧಾರ ಮಾಡಿದೆ ಎಂದು ಬರೆಯಲು ಆಸೆಯಾಗುತ್ತದೆ. ಹಾಗೆ ಬರೆದರೆ ನನ್ನ ಬಗ್ಗೆ ನನಗೇ ಗೌರವ ಹೆಚ್ಚುತ್ತದೆ. ನಡೆದದ್ದು ಬಹುಶಃ ಇಷ್ಟು. ಮುಂದಿನ ಸಭೆಯ ಸೂಚನಾಪತ್ರ ಟೈಪು ಮಾಡುವಾಗ ನನ್ನ ಕಿವಿಯಲ್ಲಿ ಅವಳ ಮಾತು ಇತ್ತು, ಬೆರಳು ಅದನ್ನೇ ಹೊಡೆಯಿತು: "ಟಾಕಿಯೊಳಗೆ ಪಾರಿವಾಳ ಮರಿ ಹಾಕಿವೆ. ನೀರು ಯಾಕೆ ಬಂದಿಲ್ಲ?" ಓದಿ ನೋಡಿ ಗಾಬರಿಯಾಗಿ ಅಳಿಸಲು ಹೋದರೆ ಕೆಂಪು ದ್ರವದ ಬಾಟಲಿಯ ತಳದಲ್ಲಿ ಗಟ್ಟಿಯಾದ ಗಸಿ. ಹೊಸ ಬಾಟಲಿ ಕಲಬುರಗಿಯಿಂದ ಬರಬೇಕು. ಸ್ಟೆನ್ಸಿಲ್ ಹಾಳೆಯೂ ಅದೊಂದೇ ಉಳಿದಿತ್ತು. ಹಾಗೇ ಉರುಳೆಗೆ ಸುತ್ತಿದೆ. ಎಲ್ಲ ಸದಸ್ಯರ ಮನೆಗೂ ಪಾರಿವಾಳಗಳು ಹೋದವು.

ಆ ಸಭೆಗೆ ಬಂದಷ್ಟು ಜನ ಅದಕ್ಕೆ ಮೊದಲು ಬಂದಿರಲಿಲ್ಲ. ಒಳಗೆ ಬರುವಾಗಲೇ "ಎಷ್ಟ ಮರಿ ಹಾಕ್ಯಾವಬೇ ಯಕ್ಕಾ?" ಎಂದು ಕೇಳಿದವರಿದ್ದರು. "ಎರಡು. ನಿಮ್ಮಂಗ ಜೋರ ಅದಾವ, ಬರೀ ಬಾಯಿ," ಎಂದಳು ಭಾಗಮ್ಮ.

ಅಧ್ಯಕ್ಷರು ಹಾಳೆ ಕೈಗೆತ್ತಿಕೊಂಡು ಗಂಟಲು ಸರಿಮಾಡಿಕೊಂಡರು.

"ಗೌಡ್ರೆ, ಓದಬ್ಯಾಡ್ರಿ," ಎಂದಳು ಭಾಗಮ್ಮ. "ಹೇಳ್ರಿ."

ಈ ಎರಡು ಪದಗಳಿಗೆ ಇಷ್ಟು ತೂಕವಿದೆ ಎಂದು ಆಗ ನನಗೆ ಗೊತ್ತಾಗಲಿಲ್ಲ. ಅಧ್ಯಕ್ಷರ ಮುಖ ಮಾತ್ರ ನೆನಪಿದೆ. ಭಾಷಣಕ್ಕೆ ನಿಂತರೆ ಸುಲಲಿತವಾಗಿ ಅರ್ಧ ತಾಸು ಎಳೆಯುವವರು, ಕೈಯಲ್ಲಿ ಹಾಳೆ ಇಲ್ಲದೆ ತಬ್ಬಿಬ್ಬಾದರು. ಹೇಳಲು ಅವರಿಗೆ ಗೊತ್ತಿರಬೇಕಲ್ಲ? ನನಗೂ ಗೊತ್ತಿರಲಿಲ್ಲ. ಕಡತದಲ್ಲಿ "ಅನುಷ್ಠಾನದ ಹಂತ" ಎಂದಿತ್ತು, ನಾನು ಬರೆದಿದ್ದೆ, ಅವರು ಓದಿದ್ದರು. ಕಡತವೂ ಸೇರಿ ಮೂವರೂ ಒಬ್ಬರ ಬೆನ್ನ ಹಿಂದೆ ಒಬ್ಬರು ನಿಂತಿದ್ದೆವು. ಅವರು ಹಾಳೆ ಮಗುಚಿಟ್ಟು ಪಕ್ಕದಲ್ಲಿ ಕುಳಿತಿದ್ದ ಇಂಜಿನಿಯರರ ಕಡೆ ತಿರುಗಿದರು. "ಏನ್ರಿ ಸಾಹೇಬ್ರೆ, ಏನ್ ಆಗ್ಯದ?"

"ವಿದ್ಯುದೀಕರಣ ಪ್ರಕ್ರಿಯೆ ಬಾಕಿ ಇದೆ ಸರ್."

"ಅಂದ್ರ?" ಇದು ಭಾಗಮ್ಮ.

"ಮೋಟರಿಗೆ ಕರೆಂಟು ಬಂದಿಲ್ಲಮ್ಮ."

"ಯಾಕ ಬಂದಿಲ್ಲ?"

"ಮಾರ್ಗ ಪೂರ್ಣಗೊಂಡಿಲ್ಲ."

"ಅಂದ್ರ? ಏನ್ ಕಡಿಮಿ ಬಿದ್ದದ, ಅದಷ್ಟ ಹೇಳ್ರಿ."

ಇಂಜಿನಿಯರರು ಕಡತದ ಹಾಳೆಗಳನ್ನು ಮಗುಚಿದರು. ಪೂರ್ತಿ ಮಗುಚಿ, ಮತ್ತೆ ಹಿಂದಕ್ಕೆ ಬಂದು, ಮೆಲ್ಲಗೆ ಹೇಳಿದರು: "ಎರಡು ಕಂಬ."

"ಎರಡ ಕಂಬಾ?" ಎಂದರು ಅಧ್ಯಕ್ಷರು, ನಾನು ಬರೆದುಕೊಡದ ದನಿಯಲ್ಲಿ. ಐದಾರು ತಿಂಗಳು ಸಭೆ ಕೈಮುಗಿದ, ನಕ್ಕ, ಕೂಲಂಕಷವಾಗಿ ಚರ್ಚಿಸಿದ ಆ ಮಹಾಶಬ್ದವನ್ನು ಒಡೆದು ನೋಡಿದರೆ ಒಳಗೆ ಇದ್ದದ್ದು ಎರಡು ಕಂಬ. ಹೊಲದ ಮಾಲೀಕ ಅಡ್ಡ ಬಂದಿದ್ದಾನೆ, ಅದಕ್ಕೇ ನಿಂತಿದೆ ಎಂದು ಇಂಜಿನಿಯರರು ಸೇರಿಸಿದರು. ಯಾರ ಹೊಲ? ಅದೇ ಊರಿನ ಸಿದ್ದಣ್ಣನದು. ಭಾಗಮ್ಮ ಕುರ್ಚಿಯಿಂದ ಎದ್ದೇಬಿಟ್ಟಳು. "ಅಯ್ಯ, ನಮ್ಮ ಸಿದ್ದಣ್ಣ! ದಿನಾ ನಮ್ಮ ಬಾಕಲ ಮುಂದ ಹಾದು ಹೋಗ್ತಾನ. ನಡ್ರಿ, ಕೇಳಮು."

ಆ ವಾರದೊಳಗೇ ಅಧ್ಯಕ್ಷರ ಜೀಪಿನಲ್ಲಿ ಅವರು, ಇಂಜಿನಿಯರರು, ಭಾಗಮ್ಮ, ನಡಾವಳಿ ಬರೆಯಲೆಂದು ನಾನು ಹೋದೆವು. ಹೊಲದಲ್ಲಿ ತೊಗರಿ ಕೊಯ್ಲಾಗಿ ರಾಶಿ ನಡೆದಿತ್ತು. ಕಪ್ಪು ನೆಲದ ಮೇಲೆ ಹಾಸಿದ ತಾಡಪಾಲಿನಲ್ಲಿ ಹೆಂಗಸರು ತೊಗರಿ ಕಟ್ಟಿಗೆ ಬಡಿಯುತ್ತಿದ್ದರು. ಹೊಟ್ಟು ಹಾರಿ ಕಣ್ಣೊಳಗೆಲ್ಲ ತುಂಬುತ್ತಿತ್ತು. ಆಚೆ ನದಿ, ಈಚೆ ಬಿಳಿ ಟಾಕಿ. ನಡುವೆ ಕಂಬಗಳ ಸಾಲು ಒಂದು ಕಡೆ ಬಂದು ನಿಂತು, ಖಾಲಿ ಬಿಟ್ಟು, ಮತ್ತೆ ಮುಂದುವರಿದಿತ್ತು. ಬಾಯಲ್ಲಿ ಎರಡು ಹಲ್ಲು ಬಿದ್ದಂತೆ.

"ಏನೋ ಸಿದ್ದಣ್ಣ, ಊರಿಗೆ ನೀರ ಬ್ಯಾಡೇನು ನಿನಗ?" ಎಂದಳು ಭಾಗಮ್ಮ.

ಸಿದ್ದಣ್ಣ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಜೀಪು ನೋಡಿ ಅವನು ಮೊದಲೇ ಗಟ್ಟಿಯಾಗಿದ್ದ. "ನೀರ ಬ್ಯಾಡ ಅಂತ ಯಾವಾಗ ಅಂದೀನಿ ಯಕ್ಕಾ? ಹೊಲ ಬಿಡಂಗಿಲ್ಲ ಅಂದೀನಿ. ನೋಟಿಸ್ ಕಳಸ್ಯಾರ. ಓದಿದವರ ಕಡಿಂದ ಓದಿಸೀನಿ. ನಿನ್ನ ಹೊಲದಾಗ ಮಾರ್ಗಾಧಿಕಾರ ಪಡೀತೀವಿ ಅಂತ ಬರದಾರ. ನನ್ನ ಹೊಲದ ಮ್ಯಾಲ ಸರ್ಕಾರ ಅಧಿಕಾರ ಪಡದು ಮಾರ್ಗ ಮಾಡಿದ್ರ ನಾ ಏನ್ ರಸ್ತಾದ ಮ್ಯಾಲ ತೊಗರಿ ಬಿತ್ತಲೇನು?"

"ಮಾರ್ಗ ಅಲ್ಲೋ ಮಾರಾಯ, ಕಂಬ! ಎರಡ ಕಂಬ ನೆಡೂದದ," ಎಂದರು ಅಧ್ಯಕ್ಷರು.

ಸಿದ್ದಣ್ಣ ಅವರನ್ನೂ, ಖಾಲಿ ಜಾಗವನ್ನೂ, ಮತ್ತೆ ಅವರನ್ನೂ ನೋಡಿದ. "ಕಂಬೇನು? ಮತ್ತ ಕಂಬ ಅಂತ ಬರೀಬೇಕಪ್ಪ! ಕಂಬ ಆದ್ರ ಬದುವಿನ ಮ್ಯಾಲ ಹಾಕ್ಕೋರಿ. ಎರಡ್ಯಾಕ, ಮೂರ ಹಾಕ್ರಿ. ನಾಕ ದಿನ ತಡೀರಿ, ರಾಶಿ ಮುಗೀಲಿ."

ಆ ನೋಟಿಸಿನ ನಮೂನೆಯನ್ನು ತಿದ್ದಿಕೊಟ್ಟವಳು ನಾನು. ಇಂಜಿನಿಯರರ ವಿಭಾಗದವರು "ಕಂಬ ನೆಡುವ ಬಗ್ಗೆ" ಎಂದು ಬರೆದು ತಂದಿದ್ದರು. ನಾನು ಅದನ್ನು ಹೊಡೆದುಹಾಕಿ "ಮಾರ್ಗಾಧಿಕಾರ" ಎಂದು ಮಾಡಿದ್ದೆ. ಹೀಗೆಂದು ನನ್ನ ನೆನಪು. ತಪ್ಪೆಲ್ಲ ನನ್ನೊಬ್ಬಳದೇ ಎಂದುಕೊಳ್ಳುವುದರಲ್ಲೂ ಒಂದು ಜಂಬವಿದೆ, ಅದನ್ನೂ ಬಲ್ಲೆ. ಇಷ್ಟು ಅಚ್ಚುಕಟ್ಟಾಗಿ ಎಲ್ಲ ಒಂದೇ ಹೊಲದಲ್ಲಿ ಬಯಲಾಗಿರಲಿಕ್ಕಿಲ್ಲ. ಆದರೆ "ಮತ್ತ ಕಂಬ ಅಂತ ಬರೀಬೇಕಪ್ಪ" ಎಂದು ಸಿದ್ದಣ್ಣ ಹೇಳಿದ್ದರಲ್ಲಿ ಸಂಶಯವಿಲ್ಲ. ಅಷ್ಟು ಒಳ್ಳೆಯ ಮಾತನ್ನು ನಾನು ಹೊಸೆಯಲಾರೆ.

ಹಿಂದಿರುಗುವಾಗ ಅಧ್ಯಕ್ಷರು ಜೀಪಿನಲ್ಲಿ ಹೇಳಿದರು: "ಮನ್ಯಾಗ ನಾ ಹಿಂಗ ಮಾತಾಡಾಂವ ಬಾಯಾರ. ವೇದಿಕಿ ಹತ್ತಿದ ಕೂಡ್ಲೆ ನಾಲಿಗಿ ಇಸ್ತ್ರಿ ಅಂಗಿ ಹಾಕ್ಕೊಂತದ. ಯಾಕಂತ ಗೊತ್ತಿಲ್ಲ." ನನಗೆ ಗೊತ್ತಿತ್ತು ಅನಿಸಿತು. ಇಸ್ತ್ರಿ ಮಾಡುತ್ತಿದ್ದವಳು ನಾನೇ.

ಸರಳ ಮಾತು ತಾನಾಗಿ ಪ್ರಾಮಾಣಿಕವಾಗಿರುತ್ತದೆ ಎಂದು ಹೇಳಲು ಹೊರಟಿಲ್ಲ. ಮುಂದಿನ ವರ್ಷಗಳಲ್ಲಿ ಚಿಂಚೋಳಿಯ ಕಡೆ ಕೆಲಸ ಮಾಡುವಾಗ ಕನ್ನಡ, ತೆಲುಗು, ಉರ್ದು ಮೂರನ್ನೂ ಒಂದೇ ವಾಕ್ಯದಲ್ಲಿ ಕಲಸಿ, ಜನರ ಬಾಯಿಯಿಂದಲೇ ತೆಗೆದಂಥ ಮಾತಿನಲ್ಲಿ ಭಾಷಣ ಮಾಡಿ, ಏನೂ ಹೇಳದೆ ಇಳಿದುಹೋಗುವ ನಾಯಕರನ್ನು ಕಂಡೆ. ಅವರು ಸರಳತೆಯನ್ನೂ ಇಸ್ತ್ರಿ ಮಾಡಿಸಿಕೊಂಡು ಬಂದಿದ್ದರು. ಹಾಗಾದರೆ ಭಾಗಮ್ಮನ ಮಾತಿನಲ್ಲಿ ಇದ್ದದ್ದೇನು? ಅವಳ ಮಾತನ್ನು ಹಿಡಿದುಕೊಂಡು ಹೋದರೆ ಕೊನೆಗೆ ಕೈಗೆ ಸಿಗುವಂಥ ವಸ್ತು ಇರುತ್ತಿತ್ತು. ಇಲ್ಲದಿದ್ದರೆ, ಇಲ್ಲ ಎಂಬುದಾದರೂ ಸಿಗುತ್ತಿತ್ತು. ಉತ್ತರ ಕೊಡುವವನು "ಹೌದು" ಅಥವಾ "ಇಲ್ಲ" ಎನ್ನಬೇಕಾಗುವ ಹಾಗೆ ಅವಳು ಕೇಳುತ್ತಿದ್ದಳು. ಆ ಚಳಿಗಾಲದ ನಂತರ ಸಭೆಯಲ್ಲಿ ಬೇರೆ ಸದಸ್ಯರೂ ಅದನ್ನು ಹಿಡಿದುಕೊಂಡರು. ಸೇತುವೆಯ ಬಗ್ಗೆ, ಶಾಲೆಯ ಮಾಳಿಗೆಯ ಬಗ್ಗೆ ಯಾರಾದರೂ ಓದತೊಡಗಿದರೆ ಹಿಂದಿನ ಸಾಲಿನಿಂದ "ಹೇಳ್ರಿ, ಹೇಳ್ರಿ" ಎಂಬ ದನಿ ಬರುತ್ತಿತ್ತು. ಸಭೆಗಳು ಗದ್ದಲವಾದವು, ಉದ್ದವಾದವು. ನನ್ನ ನಡಾವಳಿ ಗಿಡ್ಡವಾಯಿತು. ಎಲ್ಲ ಕೆಲಸಗಳೂ ಆದವು ಎಂದಲ್ಲ. ಯಾವುದು ಆಗಿಲ್ಲ ಎಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು.

ಕಂಬ ಬಂದವು. ಟಾಕಿ ತೊಳೆಯುವ ಮೊದಲು ಪಾರಿವಾಳದ ಮರಿಗಳನ್ನು ಹನುಮಪ್ಪನ ಗುಡಿಯ ಗೂಡಿಗೆ ಸಾಗಿಸಿದರು ಎನ್ನುತ್ತಾರೆ. ಅಷ್ಟು ಹೊತ್ತಿಗೆ ಅವು ಹಾರಿಹೋಗಿದ್ದವು ಎಂದೂ ಕೆಲವರು ಹೇಳಿದರು. ನಾನು ನೋಡಿಲ್ಲ. ನಾನು ನೋಡಿದ್ದು ಯುಗಾದಿಗೆ ಇನ್ನೂ ಕೆಲ ದಿನಗಳಿದ್ದಾಗ ನಡೆದ ಉದ್ಘಾಟನೆಯನ್ನು. ಬಿಸಿಲು ಆಗಲೇ ನೆತ್ತಿಗೆ ಹತ್ತುತ್ತಿತ್ತು. ಟಾಕಿಯ ಕೆಳಗೆ ಪೆಂಡಾಲು, ಮೈಕು, ಹಾರಗಳು. ಬೆಳಿಗ್ಗೆಯಿಂದಲೇ ಹೆಂಗಸರು ಕೊಡಗಳನ್ನು ಸಾಲಾಗಿಟ್ಟು, ಅವುಗಳ ಹಿಂದೆ ಕುಳಿತಿದ್ದರು. ಅಧ್ಯಕ್ಷರ ಕಿಸೆಯಲ್ಲಿ ನಾನು ಬರೆದುಕೊಟ್ಟ ಭಾಷಣವಿತ್ತು. ಸರಳವಾಗಿಯೇ ಬರೆದಿದ್ದೆ ಎಂಬ ಹೆಮ್ಮೆ ನನಗೆ. ಆದರೂ ನಾಲ್ಕು ಪುಟ.

ಅಧ್ಯಕ್ಷರು ಗುಂಡಿ ಒತ್ತಿದರು. ನಲ್ಲಿಯಲ್ಲಿ ಮೊದಲು ಗಾಳಿ ಬಂತು, ಆಮೇಲೆ ಕೆಂಪು ನೀರು, ಆಮೇಲೆ ನೀರು. ಚಪ್ಪಾಳೆ ಬಿತ್ತು. ಕ್ಷೇತ್ರದ ಸದಸ್ಯೆ ಮೊದಲು ಎರಡು ಮಾತಾಡಬೇಕೆಂದು ಯಾರೋ ಭಾಗಮ್ಮನ ಮುಂದೆ ಮೈಕು ಹಿಡಿದರು. ಅವಳಿಗೆ ಮೈಕಿನಲ್ಲಿ ಮಾತಾಡಿ ಗೊತ್ತಿರಲಿಲ್ಲ. ಎದುರಿಗೆ ಕೊಡಗಳ ಸಾಲಿನ ಹಿಂದೆ, ಕೋಲೂರಿಕೊಂಡು ಬಂದ ಅವಳ ನೆಗೆಣ್ಣಿಯೂ ಕುಳಿತಿದ್ದಳು.

"ನೀರ ಬಂದಾವ," ಎಂದಳು ಭಾಗಮ್ಮ. "ತುಂಬ್ಕೋರಿ."

ಸಾಲೆಲ್ಲ ಒಮ್ಮೆಲೇ ಎದ್ದಿತು. ಕೊಡಕ್ಕೆ ಕೊಡ ತಾಗುವ ಸದ್ದು, "ಸರೀಬೇ", "ನಂದ ಮೊದಲ", ನಗು, ಬೈಗುಳ. ಪೆಂಡಾಲಿನಲ್ಲಿ ಕುರ್ಚಿಗಳಷ್ಟೇ ಉಳಿದವು. ಅಧ್ಯಕ್ಷರು ಕಿಸೆಯಿಂದ ನಾಲ್ಕು ಪುಟಗಳನ್ನು ಅರ್ಧ ಹೊರತೆಗೆದು ನನ್ನತ್ತ ನೋಡಿದರು.

"ಬಾಯಾರ, ಇನ್ನ ನಾ ಏನ್ ಹೇಳ್ಲಿ?"

ಅವರು ಹಾಳೆಗಳನ್ನು ಮತ್ತೆ ಕಿಸೆಯೊಳಗೆ ಒತ್ತಿ, ಪಂಚೆ ಎತ್ತಿ ಕಟ್ಟಿ, ವೇದಿಕೆ ಇಳಿದು ಹೋದರು. ಕೋಲು ಹಿಡಿದ ಹೆಂಗಸಿನ ಕೈಯಿಂದ ಕೊಡ ಇಸಿದುಕೊಂಡು ಸಾಲಿನಲ್ಲಿ ನಿಂತರು.